ಔಟ್‌ಬೋರ್ಡ್ ಎಂಜಿನ್‌ನ ಬೋಲ್ಟ್‌ಗಳು ಜಾಮ್ ಆಗಿವೆ, ಒಂದು ಆಗಲೇ ಮುರಿಯಿತು. ಉಳಿದವನ್ನು ಹೇಗೆ ಬಿಚ್ಚಲಿ?

ಬೇತಿಮ್ ದಂಡೆ · ಜುಲೈ 4, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಊರು ಕಾರವಾರದ ಹತ್ತಿರ. ಹನ್ನೊಂದು ವರ್ಷದಿಂದ ಗೋವಾದ ಬೇತಿಮ್‌ನಲ್ಲಿದ್ದೇನೆ. ನಾನು, ನನ್ನ ಭಾವ ಸೇರಿ ಒಂದು ಫೈಬರ್ ಬೋಟ್ ಇಟ್ಟುಕೊಂಡಿದ್ದೇವೆ. ಸೀಸನ್‌ನಲ್ಲಿ ಮಾಂಡವಿ ಹೊಳೆಯಲ್ಲಿ ಟೂರಿಸ್ಟ್‌ಗಳನ್ನು ಸುತ್ತಾಡಿಸುತ್ತೇವೆ. ಗಾಳದ ಹುಚ್ಚಿನವರು ಸಿಕ್ಕರೆ ಅಗ್ವಾಡದ ಆಚೆಗೂ ಕರೆದುಕೊಂಡು ಹೋಗುತ್ತೇವೆ. ಎಂಜಿನ್ 40 ಎಚ್‌ಪಿ, ಎರಡು ಸ್ಟ್ರೋಕಿನ ಜಪಾನಿ ಔಟ್‌ಬೋರ್ಡ್. ನಮ್ಮ ಕೈಗೆ ಬರುವಾಗಲೇ ಸೆಕೆಂಡ್ ಹ್ಯಾಂಡ್.

ಮೇ ಕೊನೆಯಲ್ಲಿ ಎಂಜಿನ್ ಬಿಸಿಯಾಗಲು ಶುರುವಾಯಿತು. ಹಿಂದಿನಿಂದ ನೀರು ಚಿಮ್ಮುತ್ತದಲ್ಲ, ಅದು ಪೆನ್ಸಿಲ್ ದಪ್ಪ ಇದ್ದದ್ದು ಮುದಿ ಹಸುವಿನ ಹಾಲಿನ ಹಾಗೆ ಸಣ್ಣಗೆ ಬರತೊಡಗಿತು. ಇಂಪೆಲ್ಲರ್ (ನೀರಿನ ಪಂಪಿನೊಳಗಿನ ರೆಕ್ಕೆಯ ಚಕ್ರ) ಹೋಗಿದೆ ಅಂದುಕೊಂಡು ಹೊಸದು ತಂದೂ ಆಯಿತು. ಈಗ ಬೋಟ್ ಮೇಲೆ ಎಳೆದಿದ್ದೇವೆ, ಎಂಜಿನ್ ಶೆಡ್‌ನಲ್ಲಿ ಸ್ಟ್ಯಾಂಡ್ ಮೇಲಿದೆ.

ಆದರೆ ಇಂಪೆಲ್ಲರ್‌ವರೆಗೆ ಹೋಗುವುದೇ ಆಗುತ್ತಿಲ್ಲ. ಕೆಳಗಿನ ಗೇರ್ ಕೇಸ್ ಇಳಿಸಬೇಕು, ಅದರ ಬೋಲ್ಟ್‌ಗಳು ಅಲ್ಲಾಡುತ್ತಿಲ್ಲ. ಅದಿರಲಿ, ಎಂಜಿನ್ ಬಿಸಿ ನೋಡಿ ನೀರು ಬಿಡುವ ಥರ್ಮೋಸ್ಟಾಟ್ ನೋಡೋಣ ಅಂತ ಮೇಲಿನ ಕವರ್‌ಗೆ ಕೈ ಹಾಕಿದೆ. ಮೊದಲನೇ ಬೋಲ್ಟ್ ಬಂತು. ಎರಡನೆಯದಕ್ಕೆ ಪಾನಾ ಹಾಕಿ ಎಳೆದಾಗ ಮೊದಲು ಸ್ವಲ್ಪ ತಿರುಗಿದ ಹಾಗೆ ಆಯಿತು, ಖುಷಿಯಾಯಿತು. ಆಮೇಲೆ ಬೆಣ್ಣೆ ಕುಯ್ದ ಹಾಗೆ ಮೆತ್ತಗೆ ಬಂತು. ತಲೆ ಗೋಟಿಯೊಳಗೆ (ಪಾನಾದ ಸಾಕೆಟ್), ಬಾಲ ಎಂಜಿನ್‌ನೊಳಗೆ. ಶಬ್ದ ಕೂಡ ಬರಲಿಲ್ಲ.

ಇನ್ನೂ ಮೂರು ಉಳಿದಿವೆ, ಕೆಳಗಿನವು ಬೇರೆ. ಈಗ ಪಾನಾ ಮುಟ್ಟಲೂ ಹೆದರಿಕೆ. ಭಾವ ಮುಖ ಊದಿಸಿಕೊಂಡಿದ್ದಾನೆ. ಏನು ಮಾಡಲಿ?


ಮಾಲಿಮ್ ಮಿಸ್ತ್ರಿ · ಜುಲೈ 5, ಬೆಳಿಗ್ಗೆ 6:15

ಮೊದಲು ಪಾನಾ ಕೆಳಗಿಡಿ. ಇವತ್ತು ಏನೂ ಬಿಚ್ಚಬೇಡಿ.

ನಾನು ಹೊನ್ನಾವರದವನು, ಇಪ್ಪತ್ತೆರಡು ವರ್ಷದಿಂದ ಮಾಲಿಮ್ ಜೆಟ್ಟಿಯಲ್ಲಿ ಟ್ರಾಲರ್ ಎಂಜಿನ್ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್‌ಗಳಿಗೆ ಮೀನುಗಾರಿಕೆ ನಿಷೇಧ. ವರ್ಷದ ರಿಪೇರಿಯೆಲ್ಲ ಆ ಎರಡು ತಿಂಗಳಲ್ಲೇ. ಮುರಿದ ಬೋಲ್ಟ್ ತಂದು ತೋರಿಸುವವರೂ ಆ ಎರಡು ತಿಂಗಳಲ್ಲೇ ಬರುತ್ತಾರೆ.

"ಬೆಣ್ಣೆ ಕುಯ್ದ ಹಾಗೆ" ಅಂದಿರಲ್ಲ, ಅದನ್ನು ನೆನಪಿಟ್ಟುಕೊಳ್ಳಿ. ಬಿಡುವ ಬೋಲ್ಟ್ ಒಂದು ಥರ ಇರುತ್ತದೆ, ಮುರಿಯುವ ಬೋಲ್ಟ್ ಇನ್ನೊಂದು ಥರ. ಬಿಡುವುದು "ಟಪ್" ಅಂತ ಒಮ್ಮೆಗೇ ಬಿಡುತ್ತದೆ. ಆಮೇಲೆ ಕಿರ್ರ್ ಅಂತ ಕಿರುಗುಟ್ಟುತ್ತಾ ಬಿಗಿಯಾಗಿಯೇ ಬರುತ್ತದೆ. ಮುರಿಯುವುದು ರಬ್ಬರ್ ತಿರುಗಿಸಿದ ಹಾಗೆ ಮೆತ್ತಗೆ ಬರುತ್ತದೆ. ಆಗ ಥ್ರೆಡ್ ತಿರುಗುತ್ತಿಲ್ಲ, ಬೋಲ್ಟೇ ತಿರುಚಿಕೊಳ್ಳುತ್ತಿದೆ. ಆ ಮೆತ್ತಗಿನದು ಕೈಗೆ ಸಿಕ್ಕ ಕೂಡಲೇ ನಿಲ್ಲಿಸಬೇಕು. ವಾಪಸ್ ಬಿಗಿಯುವ ಕಡೆ ಸ್ವಲ್ಪ ತಳ್ಳಿ, ಕೈ ತೆಗೆಯಬೇಕು.

ಈಗ ಮಾಡಬೇಕಾದದ್ದು ಇಷ್ಟೇ. ತಂತಿ ಬ್ರಷ್ಷಿನಿಂದ ಪ್ರತಿ ಬೋಲ್ಟಿನ ತಲೆ, ಬುಡ ಚೆನ್ನಾಗಿ ಉಜ್ಜಿ. ಪೇಂಟ್, ಉಪ್ಪು, ಬಿಳಿ ಪುಡಿ ಹೋಗಬೇಕು. ಇಲ್ಲದಿದ್ದರೆ ಎಣ್ಣೆ ಒಳಗೆ ಇಳಿಯಲು ದಾರಿಯೇ ಇಲ್ಲ. ಆಮೇಲೆ ಒಳ್ಳೆಯ ಪೆನಿಟ್ರೇಟಿಂಗ್ ಆಯಿಲ್ ಬಿಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಪ್ರತಿ ಸಲವೂ ಸಣ್ಣ ಸುತ್ತಿಗೆಯಲ್ಲಿ ತಲೆಯ ನೆತ್ತಿ ಮೇಲೆ ಇಪ್ಪತ್ತು ಮೂವತ್ತು ಪೆಟ್ಟು. ಜೋರಾಗಿ ಬೇಡ, ಬಾಗಿಲು ತಟ್ಟಿದ ಹಾಗೆ. ಮೂರು ದಿನ.

ಕೆಲವು ಮಾಡೆಲ್‌ಗಳಲ್ಲಿ ಗೇರ್ ಕೇಸಿನ ಒಂದು ಬೋಲ್ಟ್ ಕಣ್ಣಿಗೆ ಕಾಣುವುದಿಲ್ಲ. ಪ್ರೊಪೆಲ್ಲರ್ ಮೇಲೆ ಮೀನಿನ ರೆಕ್ಕೆ ಥರ ಟ್ರಿಮ್ ಟ್ಯಾಬ್ ಇರುತ್ತದಲ್ಲ, ಅದರ ಒಳಗೆ ಅಡಗಿರುತ್ತದೆ. ಅದನ್ನು ಮರೆತು ಸ್ಕ್ರೂಡ್ರೈವರ್ ತುರುಕಿ ಮೀಟಿ ಕೇಸ್ ಸೀಳಿದವರಿದ್ದಾರೆ. ಟ್ಯಾಬ್ ತೆಗೆಯುವ ಮೊದಲು ಅದು ಯಾವ ಕೋನದಲ್ಲಿದೆ ಅಂತ ಮಾರ್ಕರ್‌ನಲ್ಲಿ ಗುರುತು ಹಾಕಿ. ಗೇರ್ ಶಿಫ್ಟ್ ರಾಡ್ ಬಿಚ್ಚುವುದನ್ನೂ ಮರೆಯಬೇಡಿ.


ಪುಣೆ ಬುಲೆಟ್ · ಜುಲೈ 5, ಬೆಳಿಗ್ಗೆ 10:02

ಮೂರು ದಿನ? ಅಣ್ಣ, ಅಷ್ಟರಲ್ಲಿ ನಾನು ಎಂಜಿನ್ ಇಳಿಸಿ ಏರಿಸಿಬಿಡುತ್ತೇನೆ. ಹಳೇ ಬುಲೆಟ್‌ನಲ್ಲಿ ಎಷ್ಟೋ ಬೋಲ್ಟ್ ಬಿಚ್ಚಿದ್ದೇನೆ. ಡಬ್ಲ್ಯೂಡಿ-40 ಹೊಡಿ, ಹತ್ತು ನಿಮಿಷ ಚಹಾ ಕುಡಿ, ಪಾನಾಕ್ಕೆ ಎರಡಡಿ ಪೈಪ್ ಹಾಕಿ ಎಳಿ. ಬರಲೇಬೇಕು. ಹಾಕುವಾಗ ತಾಮ್ರದ ಗ್ರೀಸ್ ಹಚ್ಚಿಬಿಡಿ, ಮುಂದಿನ ಸಲ ತೊಂದರೆ ಇಲ್ಲ.


ಮಾಲಿಮ್ ಮಿಸ್ತ್ರಿ · ಜುಲೈ 5, ಮಧ್ಯಾಹ್ನ 1:30

ಬುಲೆಟ್ ಅಣ್ಣ, ನಿಮ್ಮ ಬುಲೆಟ್ ಉಪ್ಪು ನೀರಲ್ಲಿ ಈಜಿಲ್ಲ.

ಲೆಕ್ಕ ಹಾಕಿ. ಥರ್ಮೋಸ್ಟಾಟ್ ಕವರ್‌ನಲ್ಲಿರುವುದು ಎಂ6 ಬೋಲ್ಟ್, ಅಂದರೆ 6 ಮಿಲಿಮೀಟರ್ ದಪ್ಪದ್ದು, 10 ನಂಬರ್ ತಲೆ. ಅದನ್ನು ಬಿಗಿಯುವುದೇ ಸುಮಾರು 10 ನ್ಯೂಟನ್ ಮೀಟರ್‌ನಲ್ಲಿ (ತಿರುಗಿಸುವ ಬಲದ ಅಳತೆ). ಒಂದಡಿ ಹಿಡಿಕೆಯ ತುದಿಗೆ ಹತ್ತು ಕಿಲೋ ಭಾರ ಹಾಕಿದರೆ 30 ನ್ಯೂಟನ್ ಮೀಟರ್ ಆಗುತ್ತದೆ. ಹತ್ತು ಕಿಲೋ ಅಂದರೆ ಕೈಗೆ ಏನೂ ಅಲ್ಲ. ಎರಡಡಿ ಪೈಪ್ ಹಾಕಿದರೆ 60. ಎಂ6 ಅಷ್ಟು ತಡೆಯುತ್ತದಾ? ಎಂ6ಗೆ ಗೇಣುದ್ದದ ಚಿಕ್ಕ ಹಿಡಿಕೆ ಸಾಕು, ಎರಡು ಬೆರಳಲ್ಲಿ ಹಿಡಿದು ಕೆಲಸ ಮಾಡಬೇಕು. ಪೈಪ್ ಹಾಕುವುದಾದರೆ ಎಂಜಿನ್ ಮೌಂಟ್ ಬೋಲ್ಟ್‌ಗೆ ಹಾಕಿ, ನನ್ನ ತಕರಾರಿಲ್ಲ.

ಇನ್ನೊಂದು. ಗೋಟಿ ಆರು ಮೂಲೆಯದೇ ಇರಲಿ. ಹನ್ನೆರಡು ಮೂಲೆಯದು ತುಕ್ಕು ಹಿಡಿದ ತಲೆಯನ್ನು ಗುಂಡಗೆ ಮಾಡುತ್ತದೆ. ಜಪಾನಿ ಎಂಜಿನ್‌ನಲ್ಲಿ ಸಾಮಾನ್ಯವಾಗಿ ಎಂ8ಗೆ 12 ನಂಬರ್ ತಲೆ, ಎಂ10ಗೆ 14. ನಮ್ಮ ಪಾನಾ ಸೆಟ್‌ನಲ್ಲಿ 13 ಕೈಗೆ ಸಿಗುತ್ತದೆ, ಸಡಿಲ ಕೂತರೂ ತಿರುಗಿಸುತ್ತೇವೆ. ಅಲ್ಲಿಗೆ ತಲೆ ಹೋಯಿತು.


ಪಣಜಿ ಮೇಷ್ಟ್ರು · ಜುಲೈ 5, ಸಂಜೆ 7:20

ನಾನು ಮೆಕ್ಯಾನಿಕ್ ಅಲ್ಲ. ಕೆಮಿಸ್ಟ್ರಿ ಪಾಠ ಮಾಡುವವನು, ಧಾರವಾಡದವನು. ಆ ಬಿಳಿ ಪುಡಿ ನೋಡಿದರೆ ನನಗೆ ಬಾಯಿ ಮುಚ್ಚಿಕೊಂಡು ಇರಲು ಆಗುವುದಿಲ್ಲ.

ಬುಲೆಟ್ ಎಂಜಿನ್‌ಗೂ ಬೋಟ್ ಎಂಜಿನ್‌ಗೂ ವ್ಯತ್ಯಾಸ ಇರುವುದು ಅಲ್ಲೇ. ಕಬ್ಬಿಣದೊಳಗೆ ಕಬ್ಬಿಣ ಸಿಕ್ಕಿಕೊಂಡರೆ ಅದು ಬರೀ ತುಕ್ಕು. ಇಲ್ಲಿ ಅಲ್ಯೂಮಿನಿಯಂ ಒಳಗೆ ಸ್ಟೇನ್‌ಲೆಸ್ ಸ್ಟೀಲ್ ಇದೆ, ಮಧ್ಯೆ ಉಪ್ಪು ನೀರು ಇದೆ. ಎರಡು ಬೇರೆ ಲೋಹ, ನಡುವೆ ಉಪ್ಪು ನೀರು. ಅಂದರೆ ಬ್ಯಾಟರಿ. ಸಮುದ್ರದ ನೀರಿನಲ್ಲಿ ಲೀಟರ್‌ಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ, ಇಂಥ ಬ್ಯಾಟರಿಗೆ ಅದು ಧಾರಾಳ. ಈ ಜೋಡಿಯಲ್ಲಿ ಸವೆಯುವುದು ಯಾವಾಗಲೂ ಅಲ್ಯೂಮಿನಿಯಂ. ಬೋಲ್ಟ್ ಹೊಳೆಯುತ್ತಲೇ ಇರುತ್ತದೆ, ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಥ್ರೆಡ್ ನಡುವೆ ಜಾಗ ಇಲ್ಲ. ಹಾಗಾಗಿ ಬೋಲ್ಟನ್ನು ಸುತ್ತಲಿಂದ ಅಮುಕಿ ಹಿಡಿಯುತ್ತದೆ. ಮುರುಕು ಗೋಡೆಯಲ್ಲಿ ಆಲದ ಬೇರು ಊದಿಕೊಂಡ ಹಾಗೆ.

ತಾಮ್ರದ ಗ್ರೀಸ್ ಇಲ್ಲಿ ಬೇಡ ಅನ್ನುವುದೂ ಅದಕ್ಕೇ. ಇರುವ ಎರಡು ಲೋಹದ ಜಗಳದ ನಡುವೆ ಮೂರನೆಯದನ್ನು ತಂದು ನಿಲ್ಲಿಸಿದ ಹಾಗೆ. ತಾಮ್ರ ಅಲ್ಯೂಮಿನಿಯಂ ಅನ್ನು ಇನ್ನೂ ಬೇಗ ತಿನ್ನಿಸುತ್ತದೆ.

ಡಬ್ಲ್ಯೂಡಿ-40 ಬಗ್ಗೆ ಒಂದು ಮಾತು. ಅದರ ಹೆಸರಿನಲ್ಲೇ ಅರ್ಥ ಇದೆ: ನೀರು ಹೊರಹಾಕುವುದು, ನಲವತ್ತನೇ ಪ್ರಯತ್ನ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ರಾಕೆಟ್ ಕೆಮಿಕಲ್ ಕಂಪನಿ ಮಾಡಿದ್ದು. ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಿರಲಿ ಅಂತ ಬಳಸಿದರು. ತೇವ ಓಡಿಸಲು ಚೆನ್ನಾಗಿದೆ. ಕಚ್ಚಿಕೊಂಡ ಬೋಲ್ಟ್‌ಗೆ ಅದೇ ಕಂಪನಿ ಬೇರೆ ಪೆನಿಟ್ರೆಂಟ್ ಮಾರುತ್ತದೆ. ಅಷ್ಟು ಸಾಕಲ್ವಾ ಸಾಕ್ಷಿ?


ಬೇತಿಮ್ ದಂಡೆ · ಜುಲೈ 6, ಬೆಳಿಗ್ಗೆ 8:50

ಉಜ್ಜಿದೆ, ಎಣ್ಣೆ ಬಿಟ್ಟೆ, ತಟ್ಟಿದೆ. ಪಕ್ಕದ ಮನೆಯವರು "ದೇವರ ಮಂಟಪ ಮಾಡುತ್ತಿದ್ದೀರಾ" ಅಂತ ಕೇಳಿ ಹೋದರು.

ಒಂದು ಪ್ರಶ್ನೆ. ಇಲ್ಲಿನ ಒಬ್ಬರು ಅಸಿಟೋನ್‌ಗೆ ಕಾರಿನ ಆಟೋಮ್ಯಾಟಿಕ್ ಗೇರಿನ ಎಣ್ಣೆ ಅರ್ಧಕ್ಕರ್ಧ ಬೆರೆಸಿ ಹಾಕು ಅಂದರು. ಇನ್ನೊಬ್ಬರು ಬೆಂಕಿ ತೋರಿಸು ಅಂದರು. ಪೆಟ್ರೋಲ್ ಎಂಜಿನ್‌ಗೆ ಬೆಂಕಿ ಅಂದರೆ ಕೇಳಿದರೇ ಎದೆ ಧಸಕ್ ಅನ್ನುತ್ತದೆ. ಒಳಗೆ ರಬ್ಬರ್ ಸೀಲ್ ಬೇರೆ ಇವೆ.


ಮಾಲಿಮ್ ಮಿಸ್ತ್ರಿ · ಜುಲೈ 6, ರಾತ್ರಿ 8:10

ಆ ಅಸಿಟೋನ್ ಮಿಶ್ರಣ ಕೆಲಸ ಮಾಡುತ್ತದೆ, ನಾನೂ ಹಾಕಿದ್ದೇನೆ. ಆದರೆ ಅಸಿಟೋನ್ ಪೇಂಟ್ ತಿನ್ನುತ್ತದೆ, ಪ್ಲಾಸ್ಟಿಕ್ ಕರಗಿಸುತ್ತದೆ, ಬೇಗ ಆವಿಯಾಗುತ್ತದೆ. ಅದು ಹಾಕಿದ ಜಾಗಕ್ಕೆ ಅದೇ ದಿನ ಬಿಸಿ ತೋರಿಸುವ ಹಾಗೆಯೇ ಇಲ್ಲ. ಒಂದೋ ಅದು, ಒಂದೋ ಇದು.

ನನ್ನ ಮಾತು ಕೇಳುವುದಾದರೆ, ಅಲ್ಯೂಮಿನಿಯಂ ಎಂಜಿನ್‌ಗೆ ಬಿಸಿಯೇ ಮದ್ದು. ಬೆಂಕಿ ಅಲ್ಲ, ಬಿಸಿ. ಎರಡಕ್ಕೂ ವ್ಯತ್ಯಾಸ ಇದೆ. ಪೇಂಟ್ ಕೀಳುವ ಹೀಟ್ ಗನ್ ಸಿಗುತ್ತದಲ್ಲ, ಅದನ್ನು ತನ್ನಿ. ಗ್ಯಾಸ್ ಟಾರ್ಚ್ ಬೇಡ. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಾಗಿ ಎಚ್ಚರಿಸುವುದಿಲ್ಲ. ಸುಮಾರು 660 ಡಿಗ್ರಿಗೆ ಕರಗುತ್ತದೆ, ಕರಗುವ ಗಳಿಗೆವರೆಗೂ ಬಿಳಿಯಾಗಿಯೇ ಇರುತ್ತದೆ. ಒಬ್ಬ ಹುಡುಗ ಟಾರ್ಚ್ ಹಿಡಿದು ಕವರ್‌ನ ಕಿವಿಯನ್ನೇ ಬೆಲ್ಲದ ಪಾಕದ ಹಾಗೆ ಇಳಿಸಿದ್ದನ್ನು ನೋಡಿದ್ದೇನೆ.

ಮೊದಲು ಪೆಟ್ರೋಲ್ ಟ್ಯಾಂಕ್, ಪೈಪ್ ಬಿಚ್ಚಿ ಶೆಡ್‌ನಿಂದ ಹೊರಗೆ ಇಡಿ. ಅಷ್ಟಕ್ಕೇ ಮುಗಿಯಲಿಲ್ಲ. ಕಾರ್ಬೊರೇಟರ್‌ನ ಬಟ್ಟಲಲ್ಲಿ ಪೆಟ್ರೋಲ್ ಉಳಿದಿರುತ್ತದೆ, ಕೆಳಗಿನ ಸ್ಕ್ರೂ ಬಿಚ್ಚಿ ಅದನ್ನೂ ಬಸಿಯಿರಿ. ಬ್ಯಾಟರಿ ವೈರ್ ತೆಗೆಯಿರಿ. ಹಚ್ಚಿದ ಎಣ್ಣೆಯನ್ನೆಲ್ಲ ಬಟ್ಟೆಯಲ್ಲಿ ಒರೆಸಿ. ಬಾಗಿಲು ಕಿಟಕಿ ತೆರೆದು ಒಂದು ಗಂಟೆ ಬಿಡಿ. ಮೂಗಿಗೆ ಪೆಟ್ರೋಲ್ ವಾಸನೆ ಬಂದರೆ ಅವತ್ತು ಬಿಸಿ ಕೆಲಸವೇ ಬೇಡ. ಮಳೆಗಾಲ, ನೆಲ ಒದ್ದೆ, ಎಕ್ಸ್‌ಟೆನ್ಶನ್ ಬೋರ್ಡ್ ನೆಲದ ಮೇಲೆ ಇಡಬೇಡಿ.

ಗನ್ ಹಿಡಿಯುವುದು ಬೋಲ್ಟ್ ತಲೆಗೆ ಅಲ್ಲ, ಸುತ್ತಲಿನ ಅಲ್ಯೂಮಿನಿಯಂಗೆ. ವೃತ್ತಾಕಾರದಲ್ಲಿ ಆಡಿಸುತ್ತಾ ಇರಿ. ಮೂರು ನಾಲ್ಕು ನಿಮಿಷ. ಬೆರಳು ಒದ್ದೆ ಮಾಡಿ ಒಂದು ಹನಿ ನೀರು ಚಿಮುಕಿಸಿ. ಕಾದ ದೋಸೆ ಹಂಚಿನ ಮೇಲೆ ಚುಂಯ್ ಅಂದ ಹಾಗೆ ಅಂದರೆ ಸಾಕು. ಅದಕ್ಕಿಂತ ಬಿಸಿ ಬೇಡ, ಹತ್ತಿರದ ಗ್ಯಾಸ್ಕೆಟ್, ಸೀಲ್ ಉಳಿಯಬೇಕು. ಆಗ ಪಾನಾ ಹಾಕಿ. ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು. ಆಮೇಲೆ ಬಿಚ್ಚುವ ಕಡೆಗೆ. ಬಂದರೆ ಕಾಲು ಸುತ್ತು ಬಿಚ್ಚಿ, ಅರ್ಧಕ್ಕರ್ಧ ವಾಪಸ್ ಬಿಗಿಯಿರಿ, ಮತ್ತೆ ಬಿಚ್ಚಿ. ಪುಡಿ ಒಳಗೇ ಅರೆದು ಹೊರಗೆ ಬೀಳಬೇಕು. ಒಂದೇ ಸಮ ಎಳೆದರೆ ಅದೇ ಪುಡಿ ಥ್ರೆಡ್‌ಗೆ ಬೆಣೆಯಾಗುತ್ತದೆ.

ಬರದಿದ್ದರೆ ಬಿಟ್ಟುಬಿಡಿ, ಪೂರ್ತಿ ತಣ್ಣಗಾಗಲಿ. ಮತ್ತೆ ಬಿಸಿ ಮಾಡಿ. ಕಾಯುವುದು, ತಣಿಯುವುದು, ಅದೇ ಬಿಗಿ ಸಡಿಲಿಸುತ್ತದೆ. ಐದಾರು ಸಲ ಮಾಡಿದ ಮೇಲೆ ಸುಮ್ನೆ ಬಿಟ್ಟ ಬೋಲ್ಟ್ ಎಷ್ಟೋ ನೋಡಿದ್ದೇನೆ. ಬಿಸಿ ಇದ್ದಾಗಲೇ ಬುಡಕ್ಕೆ ಮೇಣದಬತ್ತಿ ಒತ್ತಿದರೂ ಆಗುತ್ತದೆ. ಮೇಣ ಕರಗಿ ಥ್ರೆಡ್ ಒಳಗೆ ತಾನೇ ಇಳಿಯುತ್ತದೆ.


ಪಣಜಿ ಮೇಷ್ಟ್ರು · ಜುಲೈ 6, ರಾತ್ರಿ 9:35

ಮಿಸ್ತ್ರಿಯವರ ಹಂಚಿನ ಲೆಕ್ಕಕ್ಕೆ ನನ್ನ ಬೋರ್ಡಿನ ಲೆಕ್ಕ ಸೇರಿಸುತ್ತೇನೆ. ಒಂದು ಡಿಗ್ರಿ ಬಿಸಿಯಾದರೆ ಅಲ್ಯೂಮಿನಿಯಂ ಹತ್ತು ಲಕ್ಷದಲ್ಲಿ ಸುಮಾರು 23 ಭಾಗ ಹಿಗ್ಗುತ್ತದೆ. ಸಾಮಾನ್ಯ ಸ್ಟೇನ್‌ಲೆಸ್ ಸುಮಾರು 17. ಮಾಮೂಲಿ ಸ್ಟೀಲ್ 12. 6 ಮಿಲಿಮೀಟರ್ ತೂತಿಗೆ 100 ಡಿಗ್ರಿ ಏರಿಸಿದರೆ ತೂತಿಗೂ ಸ್ಟೇನ್‌ಲೆಸ್ ಬೋಲ್ಟ್‌ಗೂ ನಡುವೆ ಸಿಗುವ ಜಾಗ ತಲೆಕೂದಲಿನ ದಪ್ಪದ ಸುಮಾರು ಇಪ್ಪತ್ತನೇ ಒಂದು ಭಾಗ. ನಗಬೇಡಿ. ಆ ಪುಡಿಯಲ್ಲಿ ಬಿರುಕು ಬೀಳಲು ಅಷ್ಟು ಸಾಕು. ಬೋಲ್ಟ್ ತಣ್ಣಗಿದ್ದು ಸುತ್ತಲು ಮಾತ್ರ ಬಿಸಿಯಾದರೆ ಇನ್ನೂ ಜಾಸ್ತಿ ಸಿಗುತ್ತದೆ. ತಲೆಗೆ ಹಿಡಿಯಬೇಡಿ ಅಂದದ್ದು ಅದಕ್ಕೇ.


ಕಾರವಾರದಾಕೆ · ಜುಲೈ 7, ಬೆಳಿಗ್ಗೆ 11:15

ನಮ್ಮದು ಟ್ರಾಲರ್, ಒಳಗೆ ಡೀಸೆಲ್ ಎಂಜಿನ್. ಹತ್ತು ವರ್ಷದಿಂದ ಲೆಕ್ಕ ಪತ್ರ, ರಿಪೇರಿ ಎಲ್ಲ ನಾನೇ ನೋಡುವುದು. ಪಾನಾ ಹಿಡಿಯುವುದಿಲ್ಲ, ಆದರೆ ದುಡ್ಡು ಕೊಡುವವಳು ನಾನು. ಹಾಗಾಗಿ ಎರಡು ಕಥೆ.

ಒಂದು. ಬೋಟ್ ನೀರಲ್ಲೇ ಇತ್ತು. ನಮ್ಮ ಹುಡುಗ ಸಮುದ್ರದ ನೀರಿನ ಪಂಪಿನ ಕವರ್ ಬೋಲ್ಟ್ ಜೊತೆ ಅರ್ಧ ದಿನ ಗುದ್ದಾಡಿದ. ಕಡೆಗೂ ಬಿಟ್ಟಿತು. ಬಿಟ್ಟ ಖುಷಿಯಲ್ಲಿ ಕವರ್ ಎಳೆದ. ತಳದ ಸೀ ಕಾಕ್, ಅಂದರೆ ಹೊರಗಿನ ನೀರು ಒಳಗೆ ಬರುವ ವಾಲ್ವ್, ಮುಚ್ಚಿರಲಿಲ್ಲ. ಹೊಳೆ ಒಳಗೆ ಬಂತು. ಅವನು ಹೆದರಿ ಕೈಯಲ್ಲೇ ತೂತು ಮುಚ್ಚಿಕೊಂಡು ಕೂಗುತ್ತಿದ್ದ. ಪಕ್ಕದ ಬೋಟಿನವರು ಬಂದು ವಾಲ್ವ್ ತಿರುಗಿಸುವಾಗ ಆ ವಾಲ್ವೂ ತುಕ್ಕು ಹಿಡಿದು ಜಾಮ್! ಸುತ್ತಿಗೆಯಲ್ಲಿ ಹೊಡೆದು ಮುಚ್ಚಿದರು. ನೀರಿಗೆ ಸಂಬಂಧಪಟ್ಟ ಯಾವ ಬೋಲ್ಟ್ ಮುಟ್ಟುವ ಮೊದಲೂ ಆ ವಾಲ್ವ್ ತಿರುಗುತ್ತದಾ ಅಂತ ನೋಡಿ.

ಇನ್ನೊಂದು. ಒಂದು ವರ್ಕ್‌ಶಾಪಿಗೆ ಎಂಜಿನ್ ಕೊಟ್ಟಿದ್ದೆ, ಹೆಸರು ಬೇಡ. ಬಿಲ್ ಕೊಟ್ಟರು, ಎಂಜಿನ್ ಬಂತು. ಎರಡನೇ ದಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ ಹೊಗೆ ಹೊರಗೆ ಹೋಗುವ ಕೊಳವೆ) ಹತ್ತಿರ ಹೊಗೆ. ನೋಡಿದರೆ ಒಂದು ಬೋಲ್ಟಿನ ತಲೆ ಕೈಗೇ ಬಂತು. ಬಿಚ್ಚುವಾಗ ಮುರಿದಿದ್ದಾರೆ, ತಲೆಯನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸಿ ಮೇಲೆ ಪೇಂಟ್ ಹೊಡೆದಿದ್ದಾರೆ! ಜಗಳ ಮಾಡಿದೆ, ಅದು ಬೇರೆ ಕಥೆ. ಅಂದಿನಿಂದ ನನ್ನದು ಒಂದೇ ಮಾತು: ಮುರಿದರೆ ಮುರಿಯಲಿ, ನನಗೆ ಫೋನ್ ಮಾಡಿ, ಹೊಸ ಬೋಲ್ಟ್ ಹಾಕುವಾಗ ಹಳೆಯದು ನನ್ನ ಕೈಗೆ ಕೊಡಿ. ಈಗ ಮನೆಯಲ್ಲಿ ಒಂದು ಡಬ್ಬ ತುಂಬ ಹಳೇ ಬೋಲ್ಟ್ ಇವೆ. ಗಂಡ ಬೈಯುತ್ತಾನೆ.


ಮಾಲಿಮ್ ಮಿಸ್ತ್ರಿ · ಜುಲೈ 7, ಮಧ್ಯಾಹ್ನ 2:00

ಅಕ್ಕ ಹೇಳಿದ ಮ್ಯಾನಿಫೋಲ್ಡ್‌ನ ಬೋಲ್ಟ್, ಸ್ಟಡ್ (ತಲೆಯ ಬದಲು ನಟ್ ಹಾಕುವ ಥ್ರೆಡ್ ಕಡ್ಡಿ) ಬೇರೆ ಜಾತಿ. ಅದು ಬೀಡು ಕಬ್ಬಿಣದೊಳಗೆ ಸ್ಟೀಲ್. ಅಲ್ಲಿ ನಟ್ಟನ್ನೇ ಕೆಂಪಗೆ ಕಾಯಿಸಿದರೆ ಬಿಡುತ್ತದೆ. ಆದರೆ ಟ್ರಾಲರ್ ಎಂಜಿನ್ ರೂಮಿನ ತಳದಲ್ಲಿ ಡೀಸೆಲ್, ಎಣ್ಣೆ ನೀರು ನಿಂತಿರುತ್ತದೆ. ಅದನ್ನು ಬಸಿದು, ಒಣಗಿಸಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟು, ಇನ್ನೊಬ್ಬ ಮೇಲೆ ನಿಂತಿದ್ದರೆ ಮಾತ್ರ. ನಟ್ ಸುಲಿದು ಹೋಗಿದ್ದರೆ ಛೀಣಿಯಲ್ಲಿ ಸೀಳಿಬಿಡಿ, ನಟ್ ಅಗ್ಗ, ಸ್ಟಡ್ ಮುರಿದರೆ ದುಬಾರಿ. ವಾಪಸ್ ಹಾಕುವಾಗ ಹಿತ್ತಾಳೆ ನಟ್ ಹಾಕಿ.

ಹೆಡ್ ಬೋಲ್ಟ್ ಬಿಚ್ಚುವವರು ಹೊರಗಿನಿಂದ ಒಳಕ್ಕೆ, ಎಲ್ಲವನ್ನೂ ಸ್ವಲ್ಪ ಸ್ವಲ್ಪ. ಒಂದನ್ನೇ ಪೂರ್ತಿ ಬಿಚ್ಚಬೇಡಿ, ಹೆಡ್ ಸೊಟ್ಟಗಾಗುತ್ತದೆ.


ವಾಸ್ಕೋ ಲೇತ್ · ಜುಲೈ 8, ರಾತ್ರಿ 10:05

ಎಲ್ಲರೂ ಉಳಿದ ಬೋಲ್ಟ್ ಬಗ್ಗೆ ಮಾತಾಡುತ್ತಿದ್ದೀರಿ. ಮುರಿದದ್ದರ ಕಥೆ ಏನು? ನನ್ನ ಹೊಟ್ಟೆಪಾಡೇ ಅದು. ಗದಗದವನು, ವಾಸ್ಕೋದಲ್ಲಿ ಸಣ್ಣ ಲೇತ್ ಶಾಪ್.

ಬೇತಿಮ್ ಅಣ್ಣ, ದಯವಿಟ್ಟು ಈಸಿ ಔಟ್ (ಮುರಿದ ಬೋಲ್ಟಿಗೆ ತೂತು ಕೊರೆದು ಒಳಗೆ ಹಾಕಿ ತಿರುಗಿಸುವ ಕಡ್ಡಿ) ತಂದು ತುರುಕಬೇಡಿ. ಹೆಸರಷ್ಟೇ ಈಸಿ. ತಲೆ ಮುರಿಯುವಷ್ಟು ಬಿಗಿ ಇದ್ದ ಬೋಲ್ಟನ್ನು ಅದಕ್ಕಿಂತ ಸಣ್ಣ ಕಡ್ಡಿ ಹೇಗೆ ತಿರುಗಿಸಬೇಕು? ಒಳಗೇ ಮುರಿಯುತ್ತದೆ. ಅದು ಗಟ್ಟಿ ಸ್ಟೀಲ್, ಮಾಮೂಲಿ ಡ್ರಿಲ್ ಕಚ್ಚುವುದಿಲ್ಲ. ನನ್ನ ಹತ್ತಿರ ಬರುವ ಹತ್ತು ಕೇಸಿನಲ್ಲಿ ನಾಲ್ಕೈದು ಬೋಲ್ಟ್ ಮುರಿದದ್ದಲ್ಲ, ಬೋಲ್ಟ್ ಒಳಗೆ ಈಸಿ ಔಟ್ ಮುರಿದದ್ದು.

ಮೊದಲು ಹೇಳಿ, ಎಷ್ಟು ಹೊರಗೆ ಉಳಿದಿದೆ?


ಬೇತಿಮ್ ದಂಡೆ · ಜುಲೈ 9, ಬೆಳಿಗ್ಗೆ 7:30

ಕವರ್ ತೆಗೆದ ಮೇಲೆ ಗೊತ್ತಾಗುತ್ತದೆ. ಇವತ್ತು ಬಿಸಿ ಮಾಡುವ ದಿನ. ಪ್ರಾರ್ಥನೆ ಮಾಡಿ.


ಬೇತಿಮ್ ದಂಡೆ · ಜುಲೈ 9, ಸಂಜೆ 6:45

ಬಂತು! ಥರ್ಮೋಸ್ಟಾಟ್ ಕವರ್‌ನ ಮೂರೂ ಬಂದವು.

ಮೊದಲನೆಯದು ಮೊದಲನೇ ಬಿಸಿಗೇ "ಟಪ್" ಅಂತು. ಮಿಸ್ತ್ರಿ ಹೇಳಿದ ಶಬ್ದ ಅದೇ. ಎರಡನೆಯದು ಎರಡನೇ ಸಲಕ್ಕೆ. ಮೂರನೆಯದು ನಾಲ್ಕು ಸಲ ಕಾಯಿಸಿ ತಣಿಸಿದರೂ ಇಲ್ಲ. ಐದನೇ ಸಲ ಮತ್ತೆ ಆ ಬೆಣ್ಣೆ ಥರ ಮೆತ್ತಗೆ ಬಂತು. ಎದೆ ನಿಂತು ಹೋಯಿತು. ಕೂಡಲೇ ನಿಲ್ಲಿಸಿ ವಾಪಸ್ ತಳ್ಳಿದೆ. ಮೇಣ ಒತ್ತಿದೆ. ಭಾವ ಹೊರಗೆ ಹೋಗಿ ಸಿಗರೇಟ್ ಸೇದಿ ಬಂದ. ಆರನೇ ಸಲ ಕಿರ್ರ್ ಅಂತ ಬಂತು. ಹೊರಗೆ ತೆಗೆದು ನೋಡಿದರೆ ಥ್ರೆಡ್ ತುಂಬ ಸುಣ್ಣದ ಥರ ಬಿಳಿ ಪುಡಿ, ಬೋಲ್ಟಿನ ನಡು ಸ್ವಲ್ಪ ಸಣ್ಣಗಾಗಿದೆ. ಇನ್ನೊಂದು ಎಳೆತಕ್ಕೆ ಹೋಗುತ್ತಿತ್ತು.

ಗೇರ್ ಕೇಸ್ ಬೋಲ್ಟ್‌ಗಳು ಆಶ್ಚರ್ಯ ಅಂದರೆ ಸುಲಭವಾಗಿ ಬಂದವು. ಹೌದು, ಟ್ರಿಮ್ ಟ್ಯಾಬ್ ಒಳಗೆ ಒಂದು ಇತ್ತು. ಇಂಪೆಲ್ಲರ್‌ನಲ್ಲಿ ಆರು ರೆಕ್ಕೆ ಇರಬೇಕು, ನಾಲ್ಕೇ ಇವೆ.

ಮುರಿದ ಬೋಲ್ಟ್ ಸುಮಾರು 4 ಮಿಲಿಮೀಟರ್ ಹೊರಗಿದೆ.


ವಾಸ್ಕೋ ಲೇತ್ · ಜುಲೈ 9, ರಾತ್ರಿ 9:20

4 ಮಿಮೀ ಇದ್ದರೆ ಹಬ್ಬ. ಒಂದು ವಾಷರ್ ಇಟ್ಟು ಸ್ಟೇನ್‌ಲೆಸ್ ರಾಡ್‌ನಲ್ಲಿ ವೆಲ್ಡ್ ಮಾಡುತ್ತೇನೆ, ಅದರ ಮೇಲೆ ಒಂದು ನಟ್ ಇಟ್ಟು ಮತ್ತೆ ವೆಲ್ಡ್. ಅಲ್ಯೂಮಿನಿಯಂಗೆ ಈ ರಾಡ್ ಅಂಟುವುದಿಲ್ಲ, ಹೆದರಬೇಡಿ. ಹೊಸ ತಲೆಯೂ ಸಿಕ್ಕಿತು, ಬೋಲ್ಟಿನ ಒಳಗಿನವರೆಗೂ ಬಿಸಿಯೂ ಹೋಯಿತು. ಕೆಂಪಾಗಿರುವಾಗ ತಿರುಗಿಸುವ ಹಾಗಿಲ್ಲ, ಆಗ ಸ್ಟೀಲ್ ಮೆತ್ತಗಿರುತ್ತದೆ. ಕೈ ಮುಟ್ಟುವಷ್ಟು ತಣ್ಣಗಾದ ಮೇಲೆ ಆಚೆ ಈಚೆ ಆಡಿಸುತ್ತಾ ತೆಗೆಯಬೇಕು.

ಎಂಜಿನ್ ತನ್ನಿ, ಬರೀ ಬ್ಲಾಕ್ ಭಾಗ ಸಾಕು. ತರುವ ಮೊದಲು ಇಗ್ನಿಷನ್ ಡಬ್ಬಿಯ ಕನೆಕ್ಟರ್ ಎಲ್ಲ ಬಿಚ್ಚಿ, ವೆಲ್ಡಿಂಗ್ ಕರೆಂಟ್ ಅದಕ್ಕೆ ಹೋದರೆ ಸತ್ತಿತು. ಇನ್ನೊಂದು, ಬ್ರೇಕ್ ಕ್ಲೀನರ್ ಸ್ಪ್ರೇಯಲ್ಲಿ ತೊಳೆದು ತರಬೇಡಿ. ಕ್ಲೋರಿನ್ ಇರುವ ಸ್ಪ್ರೇ ವೆಲ್ಡಿಂಗ್ ಬಿಸಿಗೆ ಸಿಕ್ಕರೆ ಫಾಸ್ಜೀನ್ ಆಗುತ್ತದೆ. ಮೊದಲನೇ ಮಹಾಯುದ್ಧದಲ್ಲಿ ಬಿಟ್ಟ ವಿಷದ ಗಾಳಿ ಅದು. ಸೋಪು ನೀರು ಸಾಕು.

ಒಳಗೇ ಸಮಕ್ಕೆ ಮುರಿದಿದ್ದರೆ ಬೇರೆ ದಾರಿ. ನಟ್ಟ ನಡುವೆ ಪಂಚ್ ಹೊಡೆದು, ಸಣ್ಣ ತೂತಿನಿಂದ ಶುರು ಮಾಡಿ, ಎಡಕ್ಕೆ ತಿರುಗುವ ಡ್ರಿಲ್ ಹಾಕುತ್ತೇನೆ. ಎಷ್ಟೋ ಸಲ ಡ್ರಿಲ್ ಕಚ್ಚಿದಾಗ ಬೋಲ್ಟೇ ಬಿಚ್ಚಿಕೊಂಡು ಬರುತ್ತದೆ. ನಡು ತಪ್ಪಿದರೆ ಮಾತ್ರ ಕಷ್ಟ. ಸ್ಟೇನ್‌ಲೆಸ್ ಗಟ್ಟಿ, ಅಲ್ಯೂಮಿನಿಯಂ ಮೆತ್ತಗೆ, ಡ್ರಿಲ್ ಮೆತ್ತಗಿನ ಕಡೆ ಜಾರುತ್ತದೆ. ಥ್ರೆಡ್ ಹಾಳಾದರೆ ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ ಆಗುವ ತಂತಿ ಸುರುಳಿ, ಹಾಕಿದರಾಯಿತು.


ಪುಣೆ ಬುಲೆಟ್ · ಜುಲೈ 10, ಬೆಳಿಗ್ಗೆ 9:00

ಸರಿ, ಪೈಪಿನ ಮಾತು ವಾಪಸ್ ತಗೊಂಡೆ. ಇಷ್ಟು ದಿನ ನನ್ನ ಗ್ಯಾರೇಜ್ ಗೋಡೆಯಲ್ಲಿ ಮುರಿದ ಎಂ6ಗಳಿಗೆ ಒಂದು ಡಬ್ಬ ಯಾಕಿದೆ ಅಂತ ಯೋಚಿಸಿರಲಿಲ್ಲ.

ಒಂದು ಅನುಮಾನ. ಮುರಿದ ಸ್ಕ್ರೂ ಪಟಿಕದ ನೀರಲ್ಲಿ ಕರಗುತ್ತದೆ ಅಂತ ನಮ್ಮಜ್ಜ ಹೇಳುತ್ತಿದ್ದರು. ಗಡಿಯಾರ ರಿಪೇರಿ ಮಾಡುತ್ತಿದ್ದರು. ನಿಜವಾ?


ಪಣಜಿ ಮೇಷ್ಟ್ರು · ಜುಲೈ 10, ಮಧ್ಯಾಹ್ನ 12:40

ನಿಜ! ನಿಮ್ಮಜ್ಜನಿಗೆ ನನ್ನ ನಮಸ್ಕಾರ. ಶೇವಿಂಗ್ ಆದ ಮೇಲೆ ಹಚ್ಚುವ ಅದೇ ಪಟಿಕ. ನೀರಲ್ಲಿ ಆದಷ್ಟು ಕರಗಿಸಿ, ಬಿಸಿಯಾಗಿಯೇ ಇಟ್ಟು, ಹಿತ್ತಾಳೆಯ ಭಾಗವನ್ನು ಅದರಲ್ಲಿ ಮುಳುಗಿಸಿಡುತ್ತಾರೆ. ಒಳಗಿನ ಸ್ಟೀಲ್ ಸ್ಕ್ರೂವಿನಿಂದ ಸಣ್ಣ ಗುಳ್ಳೆ ಏಳುತ್ತವೆ, ಗಂಟೆಗಳಲ್ಲಿ ಕರಗಿ ಕಪ್ಪು ಕೆಸರಾಗುತ್ತದೆ. ಹಿತ್ತಾಳೆ ಹಾಗೇ ಉಳಿಯುತ್ತದೆ. ಆದರೆ ಸ್ಟೇನ್‌ಲೆಸ್ ಕರಗುವುದಿಲ್ಲ. ಅಲ್ಲದೆ ಆ ಭಾಗದಲ್ಲಿ ಬೇರೆ ಸ್ಟೀಲ್ ಏನಿದ್ದರೂ ಅದೂ ಹೋಗುತ್ತದೆ. ಬೇತಿಮ್ ಅವರಿಗೆ ಇದು ಉಪಯೋಗಕ್ಕಿಲ್ಲ.


ಮಾಲಿಮ್ ಮಿಸ್ತ್ರಿ · ಜುಲೈ 11, ಬೆಳಿಗ್ಗೆ 6:30

ಪಂಪಿನ ಎರಡು ರೆಕ್ಕೆ ಕಾಣೆ ಅಂದಿರಿ. ಅವು ಎಲ್ಲಿ ಹೋದವು? ಹುಡುಕದೆ ಹೊಸ ಇಂಪೆಲ್ಲರ್ ಹಾಕಬೇಡಿ. ಮೇಲೆ ಹೋಗುವ ನೀರಿನ ಪೈಪಿನಲ್ಲೋ ಥರ್ಮೋಸ್ಟಾಟ್ ಹತ್ತಿರವೋ ಸಿಕ್ಕಿಕೊಂಡಿರುತ್ತವೆ.

ವಾಪಸ್ ಹಾಕುವಾಗ ಹಳೇ ಬೋಲ್ಟ್ ಬೇಡ, ನಡು ಸಣ್ಣಗಾದದ್ದಂತೂ ಬೇಡವೇ ಬೇಡ. ತೂತಿನ ಥ್ರೆಡ್‌ಗೆ ಟ್ಯಾಪ್ (ಥ್ರೆಡ್ ಕೊರೆಯುವ ಸಾಧನ) ಓಡಿಸಿ ಪುಡಿ ತೆಗೆಯಿರಿ. ಹೊಸ ಬೋಲ್ಟ್‌ಗೆ ಮರೀನ್ ಗ್ರೀಸ್ ಥ್ರೆಡ್ ಪೂರ್ತಿ, ತಲೆಯ ಅಡಿಗೂ. ನೀರು ಒಳಗೆ ಹೋಗಬಾರದು, ಅಷ್ಟೇ ಉದ್ದೇಶ. ಗ್ರೀಸ್ ಹಚ್ಚಿದ ಬೋಲ್ಟ್ ಒಣ ಬೋಲ್ಟಿಗಿಂತ ಸುಲಭವಾಗಿ ತಿರುಗುತ್ತದೆ, ಹಾಗಾಗಿ ಸ್ವಲ್ಪ ಕಡಿಮೆ ಬಿಗಿಯಿರಿ. ಸತುವಿನ ಆನೋಡ್ ಮೇಲೆ ಮಾತ್ರ ಪೇಂಟ್ ಹೊಡೆಯಬೇಡಿ. ಎಂಜಿನ್ ಬದಲು ತಾನು ಸವೆಯಲಿ ಅಂತಲೇ ಅದನ್ನು ಇಟ್ಟಿರುವುದು. ಅರ್ಧ ಸವೆದಿದ್ದರೆ ಬದಲಿಸಿ.

ಸೀಸನ್‌ನಲ್ಲಿ ಪ್ರತಿ ದಿನ ಕೆಲಸ ಮುಗಿದ ಮೇಲೆ ಸಿಹಿ ನೀರಿನ ಪೈಪ್ ಹಾಕಿ ಹತ್ತು ನಿಮಿಷ ಓಡಿಸಿ.


ಕಾರವಾರದಾಕೆ · ಜುಲೈ 11, ಬೆಳಿಗ್ಗೆ 10:10

ಮಳೆಗಾಲದಲ್ಲಿ ಮಾಂಡವಿ ನೀರೇ ಸಿಹಿ ಅಲ್ವಾ, ಬೇರೆ ಪೈಪ್ ಯಾಕೆ?


ಪಣಜಿ ಮೇಷ್ಟ್ರು · ಜುಲೈ 11, ಬೆಳಿಗ್ಗೆ 10:50

ಸಿಹಿಯಾಗಲೇಬೇಕು, ಅದು ಬೆಳಗಾವಿ ಜಿಲ್ಲೆಯ ಭೀಮಗಡದ ಕಾಡಿನಲ್ಲಿ ಹುಟ್ಟಿ ಬಂದ ನಮ್ಮ ಮಹದಾಯಿ. ಹೆಚ್ಚು ಮಾತಾಡುವುದಿಲ್ಲ, ಇಲ್ಲಿ ಇಬ್ಬರೂ ರಾಜ್ಯದವರು ಇದ್ದಾರೆ. ಆದರೆ ಮಳೆಗಾಲದಲ್ಲಿ ನೀರಿನ ತುಂಬ ಕೆಂಪು ಮಣ್ಣು. ಪೈಪ್ ನೀರೇ ವಾಸಿ.


ಬೇತಿಮ್ ದಂಡೆ · ಜುಲೈ 20, ರಾತ್ರಿ 8:30

ಎಲ್ಲ ಮುಗಿಯಿತು. ವಾಸ್ಕೋ ಅಣ್ಣ ವಾಷರ್, ನಟ್ ಎರಡನ್ನೂ ಕೂರಿಸಿದ್ದು ಹತ್ತು ನಿಮಿಷ. ತಣ್ಣಗಾಗಲು ಬಿಟ್ಟು ಚಹಾ ತರಿಸಿದರು. ಆಮೇಲೆ ಪಾನಾ ನನ್ನ ಕೈಗೇ ಕೊಟ್ಟು "ಮುರಿದವನೇ ತೆಗೆಯಲಿ" ಅಂದರು. ಎರಡು ಬೆರಳಲ್ಲಿ ಆಡಿಸಿದೆ. ಕಿರ್ರ್. ಬಂತು. ಹೆಲಿಕಾಯಿಲ್ ಬೇಕಾಗಲಿಲ್ಲ. ದುಡ್ಡು ಕೊಡಲು ಹೋದರೆ ಚಹಾದ ದುಡ್ಡು ಮಾತ್ರ ತಗೊಂಡರು.

ಕಾಣೆಯಾದ ರೆಕ್ಕೆಯಲ್ಲಿ ಒಂದು ನೀರಿನ ಪೈಪಿನಲ್ಲಿ, ಇನ್ನೊಂದು ಮಿಸ್ತ್ರಿ ಹೇಳಿದ ಹಾಗೆ ಥರ್ಮೋಸ್ಟಾಟ್ ಅಡಿಯಲ್ಲಿ ಸಿಕ್ಕಿತು, ಒಣ ದ್ರಾಕ್ಷಿ ಥರ ಮುದುಡಿಕೊಂಡು.

ಇವತ್ತು ಮಧ್ಯಾಹ್ನ ಮಳೆ ಬಿಟ್ಟಿತ್ತು. ದಡದ ಹತ್ತಿರದಲ್ಲೇ ರೈಸ್ ಮಾಗೋಸ್ ಕೋಟೆಯ ತನಕ ಹೋಗಿ ಬಂದೆವು. ಹಿಂದಿನಿಂದ ನೀರು ಪೆನ್ಸಿಲ್ ದಪ್ಪ, ಒಂದು ಮಾರು ದೂರ ಚಿಮ್ಮುತ್ತಿದೆ. ಎಂಜಿನ್ ತಣ್ಣಗಿದೆ. ಭಾವ ಮಾತಾಡುತ್ತಿದ್ದಾನೆ.

ಆದರೆ ಬೋಟ್ ಎಡಕ್ಕೆ ಎಳೆಯುತ್ತಿದೆ. ಹ್ಯಾಂಡಲ್ ಬಿಟ್ಟರೆ ಸೀದಾ ದಡಕ್ಕೆ. ಮಿಸ್ತ್ರಿ, ಬೈಯಬೇಡಿ. ಆ ಟ್ರಿಮ್ ಟ್ಯಾಬ್‌ಗೆ ಮಾರ್ಕರ್‌ನಲ್ಲಿ ಗುರುತು ಹಾಕಲು ಮರೆತಿದ್ದೆ.


ಮಾಲಿಮ್ ಮಿಸ್ತ್ರಿ · ಜುಲೈ 21, ಬೆಳಿಗ್ಗೆ 6:05

ಬೋಟ್ ಎಡಕ್ಕೆ ಎಳೆದರೆ ಟ್ಯಾಬ್‌ನ ಹಿಂದಿನ ತುದಿಯನ್ನು ಎಡಕ್ಕೇ ಸ್ವಲ್ಪ ತಿರುಗಿಸಿ. ಒಂದು ಗೆರೆಯಷ್ಟು. ಓಡಿಸಿ ನೋಡಿ, ಮತ್ತೊಂದು ಗೆರೆ. ಈಗಲಾದರೂ ಬೋಲ್ಟ್‌ಗೆ ಗ್ರೀಸ್ ಹಚ್ಚಿದ್ದೀರಿ ತಾನೇ?


ಬೇತಿಮ್ ದಂಡೆ · ಜುಲೈ 21, ಬೆಳಿಗ್ಗೆ 7:40

ಹಚ್ಚಿದ್ದೇನೆ. ಎರಡು ಬೆರಳಲ್ಲೇ ಬಿಚ್ಚಿತು.